ಬಳಸಿ ಓಡಿದ ಗ್ರೋಲರು

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ವರ್ನಾ ಟೀವಿಯ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಳು, ಆಮೇಲೆ ದೂರ ನಿಂತು ನೋಡಿ, ಮೂಲೆಯಲ್ಲಿ ಉಳಿದಿದ್ದ ಬೆರಳಿನ ಗುರುತನ್ನು ತನ್ನ ಅಂಗಿಯ ತೋಳಿನಿಂದಲೇ ಉಜ್ಜಿ ತೆಗೆದಳು. ಫುಟ್‌ಬಾಲ್ ಫೈನಲ್ ದಿನವೂ ಇಷ್ಟು ಉಪಚಾರ ಕಂಡ ಟೀವಿಯಲ್ಲ ಅದು. ಇವತ್ತಿನ ಮಾತೇ ಬೇರೆ. ಇವತ್ತು ಅದರೊಳಗೆ ಅವಳ ಅಮ್ಮ ಬರುವವಳಿದ್ದಳು.

ಬರುತ್ತಾಳೋ ಇಲ್ಲವೋ ಎನ್ನುವುದು ಅಣ್ಣ ಕ್ಲೆಮ್‌ನ ಒಂದು ಮಾತಿನ ಮೇಲೆ ನಿಂತಿತ್ತು. ನಿಂತಿರಲಿ. ಪೋರ್ಟ್ ಆಗಸ್ಟಾದ ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯಸ್ಸು ಕಳೆದವಳು ವರ್ನಾ. ತಟ್ಟೆಯಲ್ಲಿ ಬಟಾಣಿ ಬಿಟ್ಟು ಎದ್ದ ಮಕ್ಕಳನ್ನು ಕಣ್ಣಲ್ಲೇ ವಾಪಸು ಕೂರಿಸಿ ತಿನ್ನಿಸಿದವಳು. ಅರವತ್ತು ದಾಟಿದ ಅಣ್ಣನೊಬ್ಬ ಅವಳಿಗೆ ಯಾವ ಲೆಕ್ಕ?

ಅಮ್ಮ ತೀರಿಕೊಂಡಾಗ ವರ್ನಾ ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಹುಡುಗಿ. ಹಿರಿಯರು ಅಮ್ಮನ ಬಟ್ಟೆ, ಕಂಬಳಿ, ಇದ್ದ ಒಂದೇ ಒಂದು ಫೋಟೋ ಎಲ್ಲವನ್ನೂ ಬೆಂಕಿಗೆ ಕೊಟ್ಟರು. ಹೆಸರನ್ನು ನಾಲಿಗೆಯಿಂದ ಇಳಿಸಿಬಿಟ್ಟರು. ಹೋದವರು ಹಿಂದಿರುಗಿ ನೋಡದೆ ನೆಮ್ಮದಿಯಾಗಿ ಹೋಗಲಿ ಎಂದು ಬೆಟ್ಟಸಾಲಿನ ಮೂಲನಿವಾಸಿಗಳಾದ ಅವರ ಜನ ಮಾಡಿಕೊಂಡು ಬಂದದ್ದು ಅದು, ವರ್ನಾ ಅದನ್ನು ಯಾವತ್ತೂ ತಪ್ಪು ಎಂದವಳಲ್ಲ. ಆದರೆ ಅದಾಗಿ ಐವತ್ತು ವರ್ಷ ದಾಟಿತು. ಅಮ್ಮನ ಕೈ ನೆನಪಿದೆ, ಕಟ್ಟಿಗೆ ಹೊಗೆಯ ವಾಸನೆ ನೆನಪಿದೆ. ಮುಖ ಎಂದರೆ ಮಾತ್ರ ಏನೂ ಇಲ್ಲ, ಒರೆಸಿದ ಹಲಗೆ. ಮಗಳಾಗಿ ಹುಟ್ಟಿ ತಾಯಿಯ ಮುಖ ಗೊತ್ತಿಲ್ಲದೆ ಸಾಯುವುದಕ್ಕೆ ವರ್ನಾ ತಯಾರಿರಲಿಲ್ಲ.

ಆ ಮುಖ ಜಗತ್ತಿನಲ್ಲಿ ಇನ್ನು ಒಂದೇ ಕಡೆ ಉಳಿದಿತ್ತು. ಅದೂ ಎಲ್ಲಿ ಅಂತೀರಿ? 'ಮೂರು ಚಂದ್ರರ ದಳ' ಅನ್ನುವ ಹಳೆಯ ಟೀವಿ ಧಾರಾವಾಹಿಯಲ್ಲಿ. ಬೇರೆ ಗ್ರಹಗಳಿಗೆ ರಾಕೆಟ್ಟಿನಲ್ಲಿ ಹೋಗುವವರ ಕಥೆ. ಒಂದು ಕಂತಿಗೆ ಕೆಂಪು ನೆಲ ಬೇಕಾಗಿ ಸಿಡ್ನಿಯಿಂದ ಕ್ಯಾಮೆರಾದವರು ಬೆಟ್ಟಸಾಲಿಗೆ ಬಂದಿದ್ದರು. ಪರಗ್ರಹದ ಕಾಡುಜನರ ವೇಷಕ್ಕೆ ಪಾದ್ರಿಗಳ ಮಿಷನ್ನಿನಲ್ಲಿದ್ದ ಸಂಸಾರಗಳನ್ನು ಲಾರಿ ಹತ್ತಿಸಿ, ಮೈಗೆಲ್ಲ ಬೆಳ್ಳಿ ಬಣ್ಣ ಬಳಿದು, ತಲೆಗೆ ರಬ್ಬರ್ ಕೊಳವೆ ಕಟ್ಟಿ, "ನೀವು ಗ್ರೋಲರು, ಓಡಿ" ಎಂದಿದ್ದರು. ಅಮ್ಮ ಓಡಿದ್ದಳು. ಜೊತೆಗೆ ವರ್ನಾಳೂ ಓಡಿದ್ದಳು. ಮುಂದಿನ ವರ್ಷ ಅಮ್ಮ ಇರಲಿಲ್ಲ, ಹಾಗಾಗಿ ಆ ಕಂತನ್ನು ಮನೆಯಲ್ಲಿ ಯಾರೂ ನೋಡಲಿಲ್ಲ.

ಈಗ ಹಳೆಯ ಚಿತ್ರಗಳನ್ನು ಕಾಪಾಡುವ ಕಚೇರಿಯೊಂದು ಆ ಧಾರಾವಾಹಿಯನ್ನು ತೊಳೆದು ಹೊಸದು ಮಾಡಿ ಮತ್ತೆ ಜನರಿಗೆ ತೋರಿಸಲು ಹೊರಟಿತ್ತು. ತೀರಿಕೊಂಡವರು ಇರುವ ಚಿತ್ರ ಎಂದಮೇಲೆ ಆಯಾ ಮನೆಯ ಹಿರಿಯರು ಆಗಬಹುದು ಅನ್ನಬೇಕು. ಬೇರೆ ಮನೆಗಳವರೆಲ್ಲ ಅಂದಾಗಿತ್ತು. ಉಳಿದವನು ಕ್ಲೆಮ್ ಒಬ್ಬನೇ. ಅವನ ಉತ್ತರ ಫೋನಿನಲ್ಲಿ ಎರಡು ಸಲ 'ಬೇಡ' ಎಂದೇ ಬಂದಿತ್ತು. ಅದಕ್ಕೇ ಆ ಕಚೇರಿಯ ಇಂಗ್ರಿಡ್ ಅಡಿಲೇಡಿನಿಂದ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಉದ್ದ ಕತ್ತಿನ, ಮೆಲ್ಲಗೆ ಮಾತಾಡುವ ಹೆಂಗಸು. ಅಣ್ಣ ಬೇಡ ಎಂದರೆ ಅಮ್ಮನಿರುವ ಓಟವನ್ನು ಕತ್ತರಿಸಿ ಮುದ್ರೆ ಹಾಕಿ ಇಡುತ್ತಾರೆ. ಆಮೇಲೆ ಅದನ್ನು ಯಾರೂ ನೋಡುವಂತಿಲ್ಲ.

"ನೀವೊಬ್ಬರೇ ಇರುವಾಗ ಒಂದ್ಸಲ ತೋರಿಸಿಬಿಡ್ಲಾ?" ಎಂದು ಇಂಗ್ರಿಡ್ ಬೆಳಿಗ್ಗೆ ಕೇಳಿದ್ದಳು, ವರ್ನಾಳ ಮುಖ ನೋಡಿ ಮನಸ್ಸು ಕರಗಿ.

"ಕದ್ದು ನೋಡೋಕೆ ನಮ್ಮಮ್ಮ ಏನು ಕದ್ದ ಮಾಲಾ?" ಎಂದಿದ್ದಳು ವರ್ನಾ. "ಅಣ್ಣ ಹೂಂ ಅನ್ಲಿ, ಅವನ ಎದುರಿಗೇ ನೋಡ್ತೀನಿ. ಅನ್ನಿಸ್ತೀನಿ, ನೋಡ್ತಿರು ನೀನು."

ಕ್ಲೆಮ್ ಬಂದ. ರೈಲು ಹಳಿಯ ಗ್ಯಾಂಗಿನಲ್ಲಿ ದುಡಿದು ಬೆನ್ನು ಹಲಗೆಯಾದ ಆಳು, ಬಾಗಿಲು ದಾಟುವಾಗ ಈಗಲೂ ತಲೆ ತಗ್ಗಿಸಬೇಕು. ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ. ಎದ್ದು ಹೋಗಲು ಸಿದ್ಧನಾಗಿ ಬಂದವನ ಲಕ್ಷಣ.

"ಟೋಪಿ ಆ ಗೂಟಕ್ಕೆ ಹಾಕಣ್ಣ. ಯಾರೂ ಕದಿಯಲ್ಲ."

"ಇಲ್ಲೇ ಇರ್ಲಿ ಬಿಡು. ತಲೆ ಜೊತೆ ಇದ್ರೆ ಅದಕ್ಕೂ ಸಮಾಧಾನ."

ವರ್ನಾ ಅವನ ಕೈಗೆ ಚಹಾ ಕೊಟ್ಟಳು, ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿ. ಕ್ವಾಂಡಾಂಗ್ ಎಂಬ ಕಾಡುಹಣ್ಣಿನ ಪೈ ಒಂದು ತುಂಡು ದೊಡ್ಡದಾಗಿಯೇ ಕತ್ತರಿಸಿಕೊಟ್ಟಳು. ಇದು ಲಂಚ ಎಂದು ಕ್ಲೆಮ್‌ಗೂ ಗೊತ್ತಿತ್ತು, ತಿನ್ನಲು ಅದೇನೂ ಅಡ್ಡ ಬರಲಿಲ್ಲ.

ಸೋಫಾದ ಇನ್ನೊಂದು ತುದಿಯಲ್ಲಿ ಕಾಲು ಮಡಿಸಿ ಕೂತಿದ್ದವಳು ವರ್ನಾಳ ಮೊಮ್ಮಗಳು ತಾಲಿಯಾ. ಅಡಿಲೇಡಿನಲ್ಲಿ ಕಾಲೇಜು ಓದುವ ಹುಡುಗಿ, ರಜೆಗೆ ಬಂದಿದ್ದಳು. ಈ ಕಂತಿನ ಬಗ್ಗೆ ಅವಳದೂ 'ಬೇಡ'ವೇ. ಅವಳ ಕಾರಣ ಬೇರೆ.

"ನಮ್ಮೋರನ್ನ ಮೃಗಗಳ ಥರ ತೋರಿಸಿರೋ ಚಿತ್ರ ಅಜ್ಜಿ ಅದು. ಅದಕ್ಕೆ ಸೋಪು ಹಾಕಿ ತೊಳೆದು ಮತ್ತೆ ಮೆರವಣಿಗೆ ಮಾಡ್ಬೇಕಾ? ಒಂದು ತುಣುಕಲ್ಲ, ಇಡೀ ಡಬ್ಬಿನೇ ಸುಡ್ಬೇಕು."

"ನೋಡದೇನೆ ಸುಡ್ತೀಯಾ? ನೋಡಿ ಸುಡು, ಬೆಂಕಿಕಡ್ಡಿ ನಾನೇ ಕೊಡ್ತೀನಿ," ಎಂದಳು ವರ್ನಾ.

ಇಂಗ್ರಿಡ್ ತನ್ನ ಪುಟ್ಟ ಪೆಟ್ಟಿಗೆಯನ್ನು ಟೀವಿಗೆ ಜೋಡಿಸುತ್ತ ಹೇಳಿದಳು: "ಮೊದಲರ್ಧದಲ್ಲಿ ಊರಿನವರು ಯಾರೂ ಇಲ್ಲ ಕ್ಲೆಮ್. ಬರೀ ಸಿಡ್ನಿ ನಟರು. ಅಲ್ಲೀತನಕ ನೋಡೋಣ. ಆಮೇಲೆ ನಾನೇ ನಿಲ್ಲಿಸ್ತೀನಿ. ಮುಂದಿನದು ನೀವು ಹೇಳಿದಂಗೆ."

ಕ್ಲೆಮ್ ಪೈ ಅಗಿಯುತ್ತ ತಲೆಯಾಡಿಸಿದ. ಸಿಡ್ನಿಯವರನ್ನು ನೋಡಲು ಅವನದೇನೂ ಅಭ್ಯಂತರವಿರಲಿಲ್ಲ.

ಶುರುವಾಯಿತು. ಕಪ್ಪು ಆಕಾಶದಲ್ಲಿ ಮೂರು ಚಂದ್ರ. ಮೂರನೆಯದು ಬಚ್ಚಲ ಬಿರಡೆಯೆಂದು ಕುರುಡನಿಗೂ ಗೊತ್ತಾಗುವಂತಿತ್ತು, ತೊಳೆದು ಚೊಕ್ಕ ಮಾಡಿದ್ದರಿಂದ ಅದರ ಸರಪಳಿಯ ಬಳೆಯೂ ಕಾಣುತ್ತಿತ್ತು. ರಾಕೆಟ್ಟಿನ ಬಾಗಿಲು ಧಡ್ ಎಂದು ಮುಚ್ಚಿದಾಗ ಗೋಡೆಯೇ ಅಲ್ಲಾಡಿತು. ಕ್ಯಾಪ್ಟನ್ ಎನ್ನಿಸಿಕೊಂಡವನು ಕೆನ್ನೆಗೂದಲನ್ನು ಗಲ್ಲದ ತನಕ ಬಿಟ್ಟುಕೊಂಡು, ಗಾಳಿಯಿಲ್ಲದ ಅಂತರಿಕ್ಷದಲ್ಲಿ ಆರಾಮಾಗಿ ಸಿಗರೇಟು ಸೇದುತ್ತಿದ್ದ.

"ಅಯ್ಯೋ ನಿನ್ನ! ಅಷ್ಟು ದೂರ ಹೋಗೋ ರಾಕೆಟ್‌ನಲ್ಲಿ ಬೂದಿ ಎಲ್ಲಿ ಕೊಡವ್ತಾನಂತೆ?" ಎಂದ ಕ್ಲೆಮ್.

"ಅವಳ ಕೈಲಿ," ಎಂದಳು ತಾಲಿಯಾ. ನಿಜವೇ. ಗಿಡ್ಡ ಲಂಗದ ಅಧಿಕಾರಿಣಿಯೊಬ್ಬಳು ಬೂದಿತಟ್ಟೆ ಹಿಡಿದು ಬಂದಳು, ಆಮೇಲೆ ಕಾಫಿ ತಂದಳು, ಆಮೇಲೆ ಕಿಟಕಿಯಲ್ಲಿ ಏನನ್ನೋ ಕಂಡು ಕಿಟಾರನೆ ಕಿರುಚಿದಳು. "ಅಂತರಿಕ್ಷ ವಿಜ್ಞಾನಿ ಅಂತ ಹೆಸರು ಬೇರೆ ಕೊಟ್ಟಿದಾರೆ. ಓದಿ ಡಾಕ್ಟರ್ ಆಗಿ ಕೊನೆಗೆ ಕಾಫಿ ಕೊಡೋಕೆ ಬೇರೆ ಗ್ರಹಕ್ಕೆ ಹೋಗ್ಬೇಕಾ?"

"ಇಲ್ಲೇ ಕೊಡೋದಕ್ಕಿಂತ ವಾಸಿ, ಸಂಬಳ ಜಾಸ್ತಿ ಇರ್ಬಹುದು," ಎಂದಳು ವರ್ನಾ. ಇಂಗ್ರಿಡ್‌ಗೂ ನಗು ತಡೆಯಲಾಗಲಿಲ್ಲ.

ರಾಕೆಟ್ಟು ಇಳಿಯಿತು. ಪರದೆ ತುಂಬ ಕೆಂಪು ನೆಲ, ಹಿಂದೆ ನೀಲಿಗಪ್ಪು ಬೆಟ್ಟಸಾಲು. ಮನುಷ್ಯ ಕಾಲಿಡದ ಗ್ರಹವಂತೆ. ಅದರ ಆಕಾಶದಲ್ಲಿ ಗುಲಾಬಿ ಎದೆಯ ಗಲಾ ಗಿಳಿಗಳ ಹಿಂಡೊಂದು ಕಿರುಚಿಕೊಂಡು ಹಾರಿಹೋಯಿತು. ಕ್ಲೆಮ್ ತೊಡೆ ತಟ್ಟಿ ನಕ್ಕ. "ಬೇಲಿ ಕಂಬ ನೋಡ್ರೇ, ಬೇಲಿ ಕಂಬ! ಕುರಿ ಸಾಕ್ತಾರೆ ಕಣೇ ಆ ಗ್ರಹದಲ್ಲಿ!" ಟೋಪಿ ತೊಡೆಯಿಂದ ಜಾರಿ ಕೆಳಗೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ವರ್ನಾ ನೋಡಿದಳು, ಒಳಗೊಳಗೇ ಹಿಗ್ಗಿದಳು. ಇನ್ನೇನು, ಅಣ್ಣ ಬಲೆಗೆ ಬಿದ್ದ ಅಂದುಕೊಂಡಳು.

ಆಗ ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು ಬೆಟ್ಟದ ಕಡೆ ನೋಡಿದ. ಬೈನಾಕುಲರ್ ಕೆಳಗಿಳಿಸಿ, ಪಕ್ಕದವನಿಗೆ ಗಂಭೀರವಾಗಿ ಹೇಳಿದ: "ಏನೋ ಪ್ರಾಣಿಗಳಿವೆ. ಭಾಷೆಯಿಲ್ಲ ಅವಕ್ಕೆ, ಹೆಸರೂ ಇಲ್ಲ. ಈ ನೆಲ ಖಾಲಿ ಇದೆ ಎಂದೇ ಬರೆದುಕೋ."

ಕೋಣೆಯಲ್ಲಿ ನಗು ನಿಂತುಹೋಯಿತು. ಇಂಗ್ರಿಡ್ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದಳು. ಕ್ಯಾಪ್ಟನ್ ಬಾಯಿ ತೆರೆದವನು ತೆರೆದಂತೆಯೇ ಉಳಿದ.

"ಕೇಳಿಸ್ತಾ?" ಎಂದಳು ತಾಲಿಯಾ. "ಖಾಲಿ ಇದೆಯಂತೆ. ಇಂಗ್ಲೆಂಡಿನಿಂದ ಬಂದೋರೂ ಇದೇ ಮಾತು ತಾನೇ ಬರೆದದ್ದು? ಹಡಗಿನ ಬದ್ಲು ರಾಕೆಟ್ ಇಟ್ಟಿದಾರೆ ಅಷ್ಟೇ. ಅದನ್ನ ನಮ್ಮ ನೆಲದ ಮೇಲೇ ನಿಂತು, ನಮ್ಮೋರಿಗೇ ಬಣ್ಣ ಬಳಿದು ಹೇಳ್ತಾರೆ."

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ವರ್ನಾ ಬಗ್ಗುವವಳಲ್ಲ.

"ಸರಿಯಾಗೇ ಹೇಳ್ದೆ ಮಗಳೇ. ಇದು ಕಸ. ಕಸ ಅಂತ ಬೀದಿಯಲ್ಲಿ ನಿಂತು ಹೇಳ್ತೀನಿ ಬೇಕಾದ್ರೆ. ಆದ್ರೆ ಈ ಕಸದೊಳಗೆ ನಮ್ಮಮ್ಮ ಇದಾಳೆ. ಅವಳನ್ನ ಎತ್ಕೊಳ್ದೆ ಕಸ ಹೆಂಗೆ ಎಸೀಲಿ, ಹೇಳು?"

ಇಂಗ್ರಿಡ್ ಇನ್ನೊಂದು ಗುಂಡಿ ಒತ್ತಿದಳು. ಟೀವಿಯಲ್ಲಿ ಅವರ ಜನರ ಎಲ್ಲ ಮನೆಗಳಿಗೂ ಗೊತ್ತಿರುವ ಎಚ್ಚರಿಕೆಯ ಎರಡು ಸಾಲು ಮೂಡಿದವು: ಮುಂದಿನ ಚಿತ್ರದಲ್ಲಿ ತೀರಿಕೊಂಡವರ ಮುಖ ಮತ್ತು ದನಿ ಇರಬಹುದು. ಇಂಗ್ರಿಡ್ ಕೈ ಮಡಿಚಿಕೊಂಡು ಕೂತಳು. ಕ್ಲೆಮ್ ಬಗ್ಗಿ ಟೋಪಿ ಎತ್ತಿಕೊಂಡು ಎದ್ದ.

"ನಗಿಸಿದ್ದಕ್ಕೆ ಉಪಕಾರ ಆಯ್ತು ಕಣಮ್ಮ. ನನ್ನ ಮಾತು ಅದೇ. ಬೇಡ."

ವರ್ನಾ ಅವನಿಗಿಂತ ಮುಂಚೆ ಬಾಗಿಲು ಮುಟ್ಟಿದಳು. ಅಡ್ಡ ನಿಂತಳು. ಅವಳ ತಲೆ ಅವನ ಎದೆಗೂ ಬರುತ್ತಿರಲಿಲ್ಲ.

"ಯಾಕೆ ಅಂತ ಹೇಳಿ ಹೋಗು."

"ಯಾಕೆ ಅಂತ ನಿನಗೆ ಗೊತ್ತಿಲ್ವಾ? ಸತ್ತೋರನ್ನ ನೋಡಬಾರ್ದು."

"ಸುಳ್ಳು ಹೇಳ್ಬೇಡಣ್ಣ. ಅತ್ತಿಗೆ ಹೋಗಿ ಕೆಲವು ವರ್ಷ ಆದ್ಮೇಲೆ ಅವಳ ಫೋಟೋ ಗೋಡೆಗೆ ಹಾಕ್ದೋನು ನೀನೇ. ಮಕ್ಕಳು ನೋಡ್ಲಿ ಅಂದೆ, ನಾನೇ ಮೊಳೆ ಹಿಡ್ಕೊಂಡಿದ್ದೆ. ಅವಳಿಗಾದ್ರೆ ಆಯ್ತು, ಅಮ್ಮನಿಗಾದ್ರೆ ಆಗಲ್ವಾ? ಇಷ್ಟು ವರ್ಷ ನೀನು ಹೇಳಿದ ಒಂದು ಮಾತು ನಾನು ಮೀರಿದೀನಾ? ಇವತ್ತು ಕಾರಣ ಹೇಳ್ದೆ ನೀನು ಈ ಹೊಸ್ತಿಲು ದಾಟಲ್ಲ."

ಕ್ಲೆಮ್ ತಂಗಿಯನ್ನು ನೋಡಿದ. ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸುತ್ತ ನಿಂತ.

"ಅಮ್ಮ ಆ ಬಯಲು ದಾಟಿದ್ಳು ವರ್ನಾ," ಎಂದ ಕೊನೆಗೆ.

"ಯಾವ ಬಯಲು?"

"ಎರಡು ಬಂಡೆ ನಡುವಿಂದು." ಅವನು ಅಷ್ಟೇ ಹೇಳಿದ. ವರ್ನಾಳ ಕೈ ತಾನಾಗಿ ಬಾಗಿಲಿನಿಂದ ಕೆಳಗಿಳಿಯಿತು. ಆ ಬಯಲಿಗೆ ಕಾಲಿಡುವಂತಿಲ್ಲ. ಹೆಂಗಸರು, ಮಕ್ಕಳು ಯಾರೂ. ಯಾಕೆ ಎನ್ನುವುದು ಇಲ್ಲಿ ಬಾಯಿಬಿಟ್ಟು ಹೇಳುವ ಮಾತಲ್ಲ.

ಕ್ಲೆಮ್ ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದ. ಅವನಿಗೆ ಆಗ ಹನ್ನೆರಡು. ಬೆಳಿಗ್ಗೆ ಕ್ಯಾಮೆರಾದವರು ಓಡುವ ದಾರಿಗೆಂದು ಆ ಬಯಲಿನ ನಡುವೆಯೇ ನೆಟ್ಟಗೆ ಕೆಂಪು ಬಾವುಟ ನೆಟ್ಟದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ಅವನನ್ನು ನೀರಿನ ಪೀಪಾಯಿ ತರಲು ಲಾರಿಯ ಜೊತೆ ಕಳಿಸಿದರು. ಸಂಜೆ ವಾಪಸು ಬಂದಾಗ ಕೆಲಸ ಮುಗಿದಿತ್ತು. ಎಲ್ಲರೂ ದನದ ತೊಟ್ಟಿಯ ಹತ್ತಿರ ಬಣ್ಣ ತೊಳೆಯುತ್ತಿದ್ದರು. ಅಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಮುಖ ಬಿಗಿದುಕೊಂಡು, ಕೈ ಕೆಂಪಗಾಗುವ ತನಕ ಉಜ್ಜಿಕೊಳ್ಳುತ್ತಿದ್ದಳು.

"ಮರುವರ್ಷ ಅಮ್ಮ ಹೋದ್ಳು. ದೊಡ್ಡತ್ತೆ ಒಲೆ ಮುಂದೆ ಕೂತು ಯಾರಿಗೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಬಿಳಿಯರ ಸಿನಿಮಾಕ್ಕೋಸ್ಕರ ದಾಟಬಾರದ್ದನ್ನ ದಾಟಿದ್ಳು, ಅದಕ್ಕೇ ಹಿಂಗಾಯ್ತು ಅಂತ. ಅವತ್ತಿಂದ ಇವತ್ತಿನವರೆಗೆ ಅದು ಇಲ್ಲಿ ಕೂತಿದೆ," ಎಂದು ಎದೆಯ ಮೇಲೆ ಮುಷ್ಟಿಯಿಟ್ಟ. "ಯಾರನ್ನ ಕೇಳ್ಲಿ? ಸತ್ತೋರ ಮಾತು ಎತ್ತೋ ಹಂಗಿಲ್ಲ. ನಿನಗಂತೂ ಹೇಳೋದೇ ಬೇಡ ಅನ್ಕೊಂಡೆ. ಈಗ ನೀನು, ಈ ಹುಡುಗಿ, ಊರು, ದೇಶ ಎಲ್ಲಾ ಕೂತ್ಕೊಂಡು ನಮ್ಮಮ್ಮ ಆ ತಪ್ಪು ಮಾಡೋದನ್ನ ನೋಡ್ಬೇಕಾ? ಕತ್ತರಿಸಿ ಬಿಸಾಕ್ಲಿ."

ವರ್ನಾಳ ಕಣ್ಣು ಉರಿಯಿತು. ಅಣ್ಣನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಮೊದಲು ಅಯ್ಯೋ ಅನ್ನಿಸಿತು. ಹನ್ನೆರಡರ ಹುಡುಗ ಹೊತ್ತ ಕಲ್ಲನ್ನು ಈ ಮನುಷ್ಯ ಮುದುಕನಾಗುವ ತನಕ ಇಳಿಸಿಲ್ಲ. ಆ ದಿನ ತಾನೂ ಓಡಿದ್ದಳಲ್ಲ, ಏನು ನೆನಪಿದೆ ಎಂದು ತಡಕಾಡಿದಳು. ಮಂಡಿ ತರಚಿದ್ದು ನೆನಪಿತ್ತು, ಆಮೇಲೆ ಕೊಟ್ಟ ನಿಂಬೆ ಸೋಡಾ ನೆನಪಿತ್ತು. ಯಾವ ನೆಲದ ಮೇಲೆ ಓಡಿದೆ ಎಂಬುದು ಇಲ್ಲ.

ಅವಳು ಬಂದು ಅಣ್ಣನ ಮುಂದೆ ನೆಲದ ಮೇಲೇ ಕೂತಳು.

"ಅಣ್ಣ, ದಾಟಿದ್ರೂ ಅವಳು ನಮ್ಮಮ್ಮನೇ. ದಾಟಿದ್ಳು ಅಂತ ಅವಳನ್ನ ಕತ್ತರಿಸಿ ಬಿಸಾಕಿದ್ರೆ, ಆ ಕ್ಯಾಪ್ಟನ್ನಿಗೂ ನಮಗೂ ಏನು ವ್ಯತ್ಯಾಸ? ನಾನು ನೋಡ್ತೀನಿ. ತಪ್ಪು ಮಾಡಿದ್ರೆ ಅದನ್ನೂ ನೋಡ್ತೀನಿ. ನನಗೇನೂ ಭಯ ಇಲ್ಲ."

ಭಯವಿತ್ತು. ಆದರೆ ಮಾತು ಗಟ್ಟಿಯಾಗಿಯೇ ಬಂತು.

ಇಂಗ್ರಿಡ್ ಗಂಟಲು ಸರಿಮಾಡಿಕೊಂಡಳು. ಇಷ್ಟು ಹೊತ್ತು ಗೋಡೆಗೆ ಅಂಟಿದಂತೆ ಕೂತಿದ್ದವಳು. "ನಾನು ಮಧ್ಯೆ ಬಾಯಿ ಹಾಕಬಾರ್ದು. ಆದ್ರೂ ಒಂದು ಮಾತು... ಈ ಧಾರಾವಾಹಿಗೆ ಇವತ್ತಿಗೂ ಹುಚ್ಚು ಅಭಿಮಾನಿಗಳಿದಾರೆ. ವರ್ಷಕ್ಕೊಂದ್ಸಲ ಸೇರ್ತಾರೆ, ಬೆಳ್ಳಿ ಬಣ್ಣ ಬಳ್ಕೊಂಡು 'ಗ್ರೋಲರ ಓಟ' ಅಂತ ಓಡ್ತಾರೆ. ತಮಾಷೆಗೆ. ಈ ಕಂತಲ್ಲಿ ದೊಡ್ಡ ತಪ್ಪಿದೆ ಅಂತ ಅವರಿಗೆಲ್ಲಾ ನಗು."

"ಏನು ತಪ್ಪು?" ಎಂದಳು ತಾಲಿಯಾ.

"ಹಿಂದೆ ಬಂದೂಕು, ಎದುರಿಗೇ ಬೆಟ್ಟ. ಜೀವ ಉಳಿಸ್ಕೊಳ್ಳೋಕೆ ನೆಟ್ಟಗೆ ಓಡ್ಬೇಕು ತಾನೇ? ಈ ಗ್ರೋಲರು ನೆಟ್ಟಗೆ ಓಡಲ್ಲ. ಖಾಲಿ ಬಯಲು ಮುಂದಿದ್ರೂ ಬಿಟ್ಟು, ದೊಡ್ಡದಾಗಿ ಬಳಸ್ಕೊಂಡು ಓಡ್ತಾರೆ. ಯಾಕೆ ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ಗ್ರೋಲರಿಗೆ ಬುದ್ಧಿ ಇಲ್ಲ ಅಂತ ನಗ್ತಾರೆ. ನನಗೂ ಈಗಷ್ಟೇ..."

ಅವಳು ಮಾತು ಮುಗಿಸುವ ಮೊದಲೇ ಕ್ಲೆಮ್ ತಲೆಯೆತ್ತಿದ. "ಬಳಸ್ಕೊಂಡು? ಯಾವ ಕಡೆಗೆ?"

"ಬಲಕ್ಕೆ. ಒಣ ಹಳ್ಳದ ಅಂಚಲ್ಲಿ."

ಕ್ಲೆಮ್ ಎದ್ದ. ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿದ. ಬಾಗಿಲ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಬಂದು ಟೀವಿಯ ಮುಂದೆ ಹಾಕಿಕೊಂಡ, ವರ್ನಾ ಬಂದು ಪಕ್ಕದಲ್ಲಿ ನೆಲಕ್ಕೆ ಕೂತಳು.

"ಹಾಕು," ಎಂದ.

ಕೆಂಪು ನೆಲ ಮತ್ತೆ ಅಲ್ಲಾಡಿತು. ಬಂಡೆಗಳ ಹಿಂದಿನಿಂದ ಬೆಳ್ಳಿ ಬಣ್ಣದ ಜನ ಹೊರಬಂದರು, ತಲೆಯಿಂದ ರಬ್ಬರ್ ಕೊಳವೆಗಳು ಜೋತಾಡುತ್ತಿದ್ದವು. ರಾಕೆಟ್ಟಿನವರ ಬಂದೂಕಿನಿಂದ ಹಸಿರು ಗೆರೆ ಹಾರಿತು. ಓಟ ಶುರುವಾಯಿತು. ಮುಂದೆ ಬಯಲು, ಅದರ ನಡುವೆ ಸಾಲಾಗಿ, ಯಾರೂ ತೆಗೆಯಲು ನೆನಪಿಡದ ಪುಟ್ಟ ಕೆಂಪು ಬಾವುಟಗಳು. ಎಲ್ಲರಿಗಿಂತ ಮುಂದೆ ಒಬ್ಬ ಎತ್ತರದ ಹೆಂಗಸು. ಅವಳು ಬಾವುಟಗಳ ಕಡೆಗೇ ಬಂದಳು, ಬಂದಳು, ವರ್ನಾ ಉಸಿರು ಬಿಗಿಹಿಡಿದಳು, ಬಯಲಿನ ಅಂಚಿಗೆ ಬಂದವಳು ಕೈಯನ್ನು ಅಗಲಕ್ಕೆ ಚಾಚಿ ಗಕ್ಕನೆ ಬಲಕ್ಕೆ ತಿರುಗಿದಳು. ಹಿಂದಿದ್ದವರೆಲ್ಲ ಅವಳ ಬೆನ್ನಿಗೇ ತಿರುಗಿದರು. ಇಡೀ ಗುಂಪು ಹಳ್ಳದ ಅಂಚು ಹಿಡಿದು ದೊಡ್ಡದಾಗಿ ಬಳಸಿಕೊಂಡು ಓಡಿತು. ಬಯಲು ಮುಟ್ಟಿದ ಒಂದು ಕಾಲೂ ಇಲ್ಲ.

"ದಾಟ್ಲಿಲ್ಲ," ಎಂದ ಕ್ಲೆಮ್. "ನೋಡೇ. ದಾಟ್ಲಿಲ್ಲ ಕಣೇ ಅವಳು!" ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ದೊಡ್ಡ ಬೆನ್ನು ಅಲುಗುತ್ತಿತ್ತು. "ಕ್ಯಾಮೆರಾದೋರು ಬೈದಿರ್ತಾರೆ, ಅದಕ್ಕೇ ಅವಳು ಮಾತಾಡ್ತಿರ್ಲಿಲ್ಲ. ಸಿಟ್ಟು ಅದು. ಸಿಟ್ಟನ್ನ ನಾನು ತಪ್ಪು ಮಾಡಿದ ಅಳುಕು ಅಂದ್ಕೊಂಡೆ."

ತಾಲಿಯಾ ಸೋಫಾದಿಂದ ಇಳಿದು ಬಂದು ಅಜ್ಜನ ಬೆನ್ನ ಮೇಲೆ ಕೈಯಿಟ್ಟಳು. "ಬಂದೂಕು ಹಿಡ್ದೋರಿಗೂ ಹೆದರ್ಲಿಲ್ಲ, ಕ್ಯಾಮೆರಾ ಹಿಡ್ದೋರಿಗೂ ಹೆದರ್ಲಿಲ್ಲ," ಎಂದಳು ತನಗೇ ಎಂಬಂತೆ. "ಅವರ ಸಿನಿಮಾದೊಳಗೇ ನಮ್ಮ ನೆಲದ ಕಾನೂನು ನಡೆಸಿಬಿಟ್ಲು."

ವರ್ನಾ ಅಮ್ಮನ ಮುಖ ಹುಡುಕುತ್ತಿದ್ದಳು. ಆ ಎತ್ತರದ ಹೆಂಗಸು ತಿರುವಿನಲ್ಲಿ ಒಂದು ಗಳಿಗೆ ನಿಂತು ಹಿಂದಕ್ಕೆ ನೋಡುತ್ತಾಳೆ. ಮುಖ ನೇರ ಕ್ಯಾಮೆರಾಕ್ಕೇ ಬರುತ್ತದೆ. ಇಂಗ್ರಿಡ್ ಅಲ್ಲಿಗೆ ನಿಲ್ಲಿಸಿಕೊಟ್ಟಳು. ವರ್ನಾ ಮಂಡಿಯೂರಿ ಗಾಜಿನ ಹತ್ತಿರ ಹೋದಳು. ಬೆಳ್ಳಿ ಬಣ್ಣ ದಪ್ಪಗೆ ಮೆತ್ತಿದ ಕೆನ್ನೆ, ಹಣೆಗೆ ಅಂಟಿಸಿದ ರಬ್ಬರ್ ಏಣು, ಕಣ್ಣ ಸುತ್ತ ಮಸಿ. ತೆರೆದ ಬಾಯಿ. ಎಷ್ಟು ನೋಡಿದರೂ ಅದೊಂದು ಗ್ರೋಲ್. ಯಾರದೋ ವೇಷ. ಇಷ್ಟು ವರ್ಷ ಕಾದದ್ದಕ್ಕೆ ಇದೇನಾ ಎಂದು ಅವಳ ಎದೆ ಕುಸಿಯಿತು.

"ಗೊತ್ತಾಗ್ತಿಲ್ಲ," ಎಂದಳು. "ಇವಳು ನನಗೆ ಗೊತ್ತಾಗ್ತಿಲ್ಲ ಅಣ್ಣ." ಶಾಲೆಯ ಮಕ್ಕಳನ್ನೆಲ್ಲ ಹೆದರಿಸಿದ ಆ ಬಾಯಿಂದ ಅಷ್ಟು ಸಣ್ಣ ದನಿ ಯಾರೂ ಕೇಳಿರಲಿಲ್ಲ.

"ಆ ಬಾಯಿ ಯಾಕೆ ತೆರೆದಿದೆ?" ಎಂದಳು ತಾಲಿಯಾ. "ಏನೋ ಕೂಗ್ತಿದಾರಲ್ಲ."

ಚಿತ್ರದಲ್ಲಿ ಆ ಜಾಗದಲ್ಲಿ ಕೇಳಿಸುವುದು ಯಂತ್ರದ ಗುರ್ ಗುರ್ ಶಬ್ದ. ಗ್ರೋಲರ ಭಾಷೆಯೆಂದು ಸಿಡ್ನಿಯಲ್ಲಿ ಆಮೇಲೆ ಸೇರಿಸಿದ್ದು. ಇಂಗ್ರಿಡ್ ಕ್ಲೆಮ್‌ನ ಕಡೆ ತಿರುಗಿದಳು.

"ಅವತ್ತು ಬಯಲಲ್ಲೇ ಹಿಡಿದ ಧ್ವನಿಯ ಸುರುಳಿ ಅದೇ ಡಬ್ಬಿಯಲ್ಲಿ ಸಿಕ್ಕಿದೆ. ಈ ಗುರುಗುಟ್ಟೋದು ಅದರಲ್ಲಿಲ್ಲ. ನಿಮ್ಮ ಭಾಷೆ ನನಗೆ ಬರಲ್ಲ, ಅಲ್ಲದೆ ನೀವು ಹೇಳದೆ ಅದನ್ನ ಇಡಬಾರ್ದು ಅಂತ ಯಾರಿಗೂ ಕೇಳಿಸಿಲ್ಲ. ಅದರಲ್ಲಿ ನಿಮ್ಮ ತಾಯಿಯ ದನಿ ಇದೆ. ಹಾಕ್ಲಾ?"

ಕ್ಲೆಮ್ ಮೂಗು ಒರೆಸಿಕೊಂಡ. ತಂಗಿಯ ಮುಖ ನೋಡಿದ. "ಹಾಕಮ್ಮ."

ಓಟ ಮತ್ತೆ ಶುರುವಾಯಿತು. ಈಗ ಗಾಳಿ ಕೇಳಿಸಿತು, ಬರಿಗಾಲುಗಳು ಕಲ್ಲುಮಣ್ಣಿನ ಮೇಲೆ ಬೀಳುವ ಸದ್ದು ಕೇಳಿಸಿತು. ಗಂಡಸೊಬ್ಬ ದೂರದಿಂದ "ನೆಟ್ಟಗೆ! ನೆಟ್ಟಗೆ ಓಡಿ!" ಎಂದು ಇಂಗ್ಲಿಷಿನಲ್ಲಿ ಅರಚುತ್ತಿದ್ದ. ಎತ್ತರದ ಹೆಂಗಸು ಕೈ ಚಾಚಿ ತಿರುಗಿದಳು, ಗುಂಪು ತಿರುಗಿತು. ಮೊದಲ ಸಲ ಯಾರೂ ಗಮನಿಸದ ಒಂದು ಪುಟ್ಟ ಬೆಳ್ಳಿ ಹುಡುಗಿ ಮಾತ್ರ ಹಿಂದೆ ಉಳಿದು, ಯಾರನ್ನೂ ನೋಡದೆ, ನೆಟ್ಟಗೆ ಬಾವುಟಗಳ ಕಡೆಗೇ ಓಡುತ್ತಿದ್ದಳು. ಹೆಂಗಸು ಗಕ್ಕನೆ ನಿಂತು ಹಿಂದಕ್ಕೆ ನೋಡಿದಳು, ಬಾಯಿ ತೆರೆದಳು. ಬೆಟ್ಟಸಾಲಿನ ಭಾಷೆಯಲ್ಲಿ ಆ ದನಿ ಕೋಣೆ ತುಂಬ ಬಂತು.

"ವರ್ನಾ! ಏ ವರ್ನಾ! ಅಲ್ಲಿ ಬೇಡ ಮಗಳೇ, ಬಳಸ್ಕೊಂಡು ಬಾ! ಅಮ್ಮನ ಹಿಂದೆ ಬಾ!"

ಹುಡುಗಿ ಬಯಲಿನ ಅಂಚಿಗೆ ಮುಂಚೆಯೇ ಎಡವಿ ಬಿದ್ದಳು. ಮಂಡಿ ಹಿಡಿದುಕೊಂಡು ಎದ್ದಳು. ಎದ್ದು ಬಲಕ್ಕೆ ತಿರುಗಿದಳು.

"ಬಂದೆ ಅಮ್ಮಾ," ಎಂದಳು ವರ್ನಾ.

ಅವಳಿಗೆ ಮುಖ ಸಿಕ್ಕಿತ್ತು. ಬಣ್ಣದ ಕೆಳಗೆ, ಆ ದನಿಯ ಹಿಂದೆಯೇ, ಎಲ್ಲ ಒಟ್ಟಿಗೆ ಬಂದುಬಿಟ್ಟಿತ್ತು: ಗಟ್ಟಿ ಗಲ್ಲ, ಮುರಿದ ಒಂದು ಹಲ್ಲು, ಸಿಟ್ಟು ಬಂದಾಗ ಕಿರಿದಾಗುತ್ತಿದ್ದ ಎಡಗಣ್ಣು. ಗಾಜಿಗೆ ಅಂಗೈ ಒತ್ತಿ ಅವಳು ಗೊಳೋ ಎಂದು ಅತ್ತಳು. ಒರೆಸಿ ಒರೆಸಿ ಹೊಳೆಯಿಸಿದ್ದ ಗಾಜೆಲ್ಲ ಕೈಗುರುತಾಯಿತು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ, ಅವಳಿಗೆ ಅದು ಬೇಕೂ ಇರಲಿಲ್ಲ.

ಕ್ಲೆಮ್ ಹಿಂದಕ್ಕೆ ತಿರುಗಿದ. "ಕತ್ತರಿಸ್ಬೇಡ ಇಂಗ್ರಿಡ್. ಇಡೀ ಓಟ ತೋರ್ಸು. ಆ ಗುರುಗುರು ತೆಗೆದು ಅವಳ ದನಿನೇ ಹಾಕು."

"ಹಳೇದನ್ನ ತಿದ್ದೋ ಹಂಗಿಲ್ಲ. ಆದ್ರೆ ಎರಡನ್ನೂ ಒಂದರ ಪಕ್ಕ ಒಂದು ಇಡ್ತೀನಿ. ಈ ದನಿಯದ್ದೇ ಮೊದಲು ಇಡ್ತೀನಿ."

"ಕ್ಯಾಪ್ಟನ್ ಹೇಳಿದ ಆ ಮಾತೂ ಇರ್ಲಿ," ಎಂದಳು ತಾಲಿಯಾ, ಕಣ್ಣೊರೆಸಿಕೊಳ್ಳುತ್ತ. ಸುಡಬೇಕೆಂದಿದ್ದ ಹುಡುಗಿ. "ಭಾಷೆ ಇಲ್ಲ, ಹೆಸರಿಲ್ಲ ಅಂದನಲ್ಲ, ಅದೂ ಇರ್ಲಿ. ಅದರ ಹಿಂದೆನೇ ಇದು ಕೇಳಿಸ್ಲಿ."

"ಅವನಿಗೂ ಕೇಳಿಸ್ಲಿ," ಎಂದ ಕ್ಲೆಮ್. "ಬೂದಿತಟ್ಟೆ ಹಿಡ್ಕೊಂಡೇ 'ಖಾಲಿ' ಅಂತ ಬರೀಲಿ ಮತ್ತೆ, ಧೈರ್ಯ ಇದ್ರೆ."

ಇಂಗ್ರಿಡ್ ಪೆಟ್ಟಿಗೆಯ ತಂತಿ ಬಿಚ್ಚಲು ಕೈ ಹಾಕಿದಳು. ವರ್ನಾ ಅವಳ ಕೈ ಹಿಡಿದು ನಿಲ್ಲಿಸಿದಳು. ಮುಖ ತೊಳೆದುಕೊಂಡು ಬಂದು, ಕೆಟಲ್‌ಗೆ ನೀರಿಟ್ಟು, ನೆಲ ಬಿಟ್ಟು ಈ ಸಲ ಸೋಫಾದ ನಡುವೆ ಕೂತಳು. ಒಂದು ಕಡೆ ಅಣ್ಣನನ್ನು, ಇನ್ನೊಂದು ಕಡೆ ಮೊಮ್ಮಗಳನ್ನು ಕೂರಿಸಿಕೊಂಡಳು. ಅವಳ ದನಿ ವಾಪಸು ಬಂದಿತ್ತು.

"ಇನ್ನೊಂದ್ಸಲ ಹಾಕು. ನಮ್ಮಮ್ಮ ಕರೀತಿದಾಳೆ."

ಇಂಗ್ರಿಡ್ ಹಾಕಿದಳು. ಸಂಜೆಯ ತನಕ ಅಮ್ಮ ಎಷ್ಟೋ ಸಲ ಕರೆದಳು, ವರ್ನಾ ಪ್ರತಿ ಸಲವೂ ಓಗೊಟ್ಟಳು.